ನೆಗೆಟಿವ್ ತಾಯಿಯ ಕೈಯಲ್ಲಿ

ಸುರಪುರದ ಬಜಾರಿನಲ್ಲಿ ಹೆಂಗಸರ ಫೋಟೋ ತೆಗೆಯುವ ಆಮೀನಾ ಎಂದರೆ ಸುತ್ತಲಿನ ಹಳ್ಳಿಗಳ ತಾಯಂದಿರಿಗೆಲ್ಲ ಗೊತ್ತಿತ್ತು. ಅಂಗಡಿ ಅವಳ ಗಂಡ ಖಾಜಾಹುಸೇನನದು. ಹೊರಗಿನ ಬೋರ್ಡಿನ ಮೇಲೂ ಅವನ ಹೆಸರೇ ಇತ್ತು. ಲಕ್ವ ಹೊಡೆದು ಅವನ ಬಲಗೈ ನಡುಗತೊಡಗಿದ ಮೇಲೆ ಕ್ಯಾಮೆರಾ ಇವಳ ಕೊರಳಿಗೆ ಬಂತು. ನಡುಗುವ ಕೈಯಿಂದ ತೆಗೆದ ಫೋಟೋದಲ್ಲಿ ಒಬ್ಬೊಬ್ಬರಿಗೆ ಎರಡೆರಡು ಮೂಗು ಬರುತ್ತವೆ ಎಂದು ಅವನೇ ನಗುತ್ತ ಹೇಳಿ ಕ್ಯಾಮೆರಾದ ಪಟ್ಟಿಯನ್ನು ಅವಳ ಹೆಗಲಿಗೆ ಹಾಕಿದ್ದ. ಅಂದಿನಿಂದ ಅವನು ಮುಂದಿನ ಮೇಜಿನ ಹಿಂದೆ ಕುಳಿತು ಬಂದವರನ್ನು ಮಾತನಾಡಿಸುವುದು, ಇವಳು ಪರದೆಯ ಒಳಗೆ ದೀಪ ಹೊಂದಿಸುವುದು ಎಂದಾಯಿತು.

ಕಾಲುವೆಗೆ ನೀರು ಬರುವ ಮೊದಲು ಆ ಸೀಮೆಯಲ್ಲಿ ಹೆಣ್ಣು ನೋಡುವುದಕ್ಕೆ ಫೋಟೋ ಬೇಕಾಗುತ್ತಿರಲಿಲ್ಲ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುತ್ತಿದ್ದರು. ಇಲ್ಲವೆ, ಪಕ್ಕದೂರಿನವರು ಸಂತೆಗೆ ಬಂದಾಗ ನೋಡಿಕೊಂಡು ಹೋಗುತ್ತಿದ್ದರು. ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ, ಕಂಡರಿಯದ ಊರುಗಳಿಂದ ಸಂಬಂಧ ಕೇಳಿಕೊಂಡು ಬರತೊಡಗಿದ ಮೇಲೆ ಹುಡುಗಿಗಿಂತ ಮುಂಚೆ ಅವಳ ಫೋಟೋ ಊರು ಬಿಡಬೇಕಾಯಿತು. ತಾಯಂದಿರಿಗೆ ಅದೊಂದು ಹೊಸ ಕಳವಳ. ಮಗಳ ಮುಖ ಯಾರ ಯಾರ ಮನೆಯ ಗೂಡಿನಲ್ಲಿ ಕುಳಿತಿರುತ್ತದೋ, ಯಾರ ಅಂಗಿಯ ಜೇಬಿನಲ್ಲಿ ತಿರುಗುತ್ತದೋ?

ಆಮೀನಾ ಇದಕ್ಕೆ ಒಂದು ಪದ್ಧತಿ ಮಾಡಿದಳು. ಫೋಟೋದ ಪ್ರತಿ ಕೊಡುವಾಗ ಅದರ ನೆಗೆಟಿವನ್ನೂ ರೀಲಿನಿಂದ ಕತ್ತರಿಸಿ, ತೆಳು ಕಾಗದದಲ್ಲಿ ಸುತ್ತಿ, ತಾಯಿಯ ಕೈಯಲ್ಲಿಯೇ ಇಡುತ್ತಿದ್ದಳು. ತಂದೆ ಬಂದು ಕೇಳಿದರೂ ಕೊಡುತ್ತಿರಲಿಲ್ಲ. ತಾಯಿ ಅದನ್ನು ಎಲೆಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡು ಹೋಗುವಳು. ಸಂಬಂಧ ಕೂಡದಿದ್ದರೆ ಫೋಟೋವನ್ನು ತಿರುಗಿ ಇಸಿದುಕೊಂಡರೆ ಸಾಕು. ನೆಗೆಟಿವ್ ಇಲ್ಲದೆ ಇನ್ನೊಂದು ಪ್ರತಿ ಹುಟ್ಟುವಂತಿರಲಿಲ್ಲ. ಮದುವೆಯಾದ ಮೇಲೆ ಬಾಸಿಂಗವನ್ನು ಹರಿಯುವ ನೀರಿಗೆ ಬಿಡುವಾಗ ಕೆಲವು ತಾಯಂದಿರು ಈ ನೆಗೆಟಿವನ್ನೂ ಅದರ ಜೊತೆಗೆ ಕಾಲುವೆಗೆ ಬಿಡುವ ರೂಢಿ ತಾನಾಗಿ ಬೆಳೆಯಿತು. ಹಾಗೆ ಮಾಡಿರೆಂದು ಆಮೀನಾ ಹೇಳಿರಲಿಲ್ಲ. ಆದರೂ ಅದನ್ನು ಕೇಳಿದಾಗ ಅವಳಿಗೆ ಸಂತೋಷವಾಗುತ್ತಿತ್ತು.

ಕಿವಿಯಲ್ಲಿ ಏನೂ ಇಲ್ಲದೆ ಬಂದ ಹುಡುಗಿಯರಿಗಾಗಿ ಅವಳು ತನ್ನದೇ ಒಂದು ಜೊತೆ ಜುಮಕಿಯನ್ನು ಡಬ್ಬಿಯಲ್ಲಿ ಇಟ್ಟಿದ್ದಳು. ಅದರಲ್ಲಿ ಒಂದಕ್ಕೆ ತುದಿಯ ಮುತ್ತು ಉದುರಿಹೋಗಿತ್ತು. ಆ ಕಿವಿ ಹಿಂದಾಗುವಂತೆ ಹುಡುಗಿಯ ಮುಖವನ್ನು ಸ್ವಲ್ಪ ತಿರುಗಿಸಿ ಕೂಡ್ರಿಸುತ್ತಿದ್ದಳು. ಅಂಥ ಫೋಟೋ ನೋಡಿದರೆ ತಿಳಿದವರು, ಇದು ಆಮೀನಾಳ ಕೈಯದು ಎನ್ನುತ್ತಿದ್ದರು.

ಮುಂದೆ ರೀಲು ತೊಳೆಯುವ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ರೀಲು ಸಿಗುವುದೂ ಕಷ್ಟವಾಯಿತು. ಮನಸ್ಸಿಲ್ಲದ ಮನಸ್ಸಿನಿಂದ ಆಮೀನಾ ಹೊಸ ಬಗೆಯ ಕ್ಯಾಮೆರಾ ತಂದಳು. ಅದರ ಹಿಂದೆಯೇ ಒಂದು ಕಂಪ್ಯೂಟರ್ ಬಂತು. ಅದನ್ನು ತಂದು ಕೂಡ್ರಿಸಿದವನು ಯಾದಗಿರಿಯ ಚಾಂದಪಾಶಾ. ಅಲ್ಲಿಯ ಬಸ್ ನಿಲ್ದಾಣದ ಹಿಂದೆ ಅವನ ರಿಪೇರಿ ಅಂಗಡಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ಅವನು ಮುಟ್ಟದ ಯಂತ್ರ ಅಪರೂಪ. ಒಳ್ಳೆಯ ಮನುಷ್ಯ, ನಗುಮೊಗದವನು. ಆಮೀನಾಳನ್ನು ತಾಯಿಯ ತಂಗಿಯೆಂಬಂತೆ ಖಾಲಾ ಎಂದು ಕರೆಯುತ್ತಿದ್ದ.

ನಿಮ್ಮ ಹೆಸರಿಗೆ ಒಂದು ಗುಪ್ತ ಶಬ್ದ ಇಟ್ಟುಕೊಳ್ಳಿ, ಅದನ್ನು ಒತ್ತದ ಹೊರತು ಒಳಗೆ ಯಾರೂ ಹೋಗಲಾರರು ಎಂದು ಅವನು ಹೇಳಿದ. ಅವಳು ಅದನ್ನು ಒತ್ತುವಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ನಿಂತ. ಆ ಮರ್ಯಾದೆ ಅವಳಿಗೆ ಬಹಳ ಹಿಡಿಸಿತು. ಅವಳು ಇಟ್ಟ ಪಾಸ್‌ವರ್ಡ್ ತೀರಿಹೋದ ತಾಯಿಯ ಹೆಸರು. ಗಂಡನಿಗೂ ಹೇಳಲಿಲ್ಲ. ಪ್ರತಿದಿನ ಮುಂಜಾನೆ ಒಂದೊಂದೇ ಅಕ್ಷರ ಒತ್ತುವಾಗ ತಾಯಿಯನ್ನು ಕರೆದಂತಾಗುತ್ತಿತ್ತು.

ನೆಗೆಟಿವ್ ಎಲ್ಲಿ ಎಂದು ತಾಯಂದಿರು ಕೇಳಿದರು. ಆಮೀನಾ ಒಂದು ಸಿ.ಡಿ.ಯಲ್ಲಿ ಫೋಟೋ ಹಾಕಿ ಅವರ ಕೈಯಲ್ಲಿಟ್ಟಳು. ಇದು ನಿಮ್ಮ ನೆಗೆಟಿವ್, ಇದರ ಇನ್ನೊಂದು ಪ್ರತಿ ಈ ಕಂಪ್ಯೂಟರಿನ ಡಬ್ಬಿಯೊಳಗೆ ಇದೆ, ಅದರ ಕೀಲಿ ನನ್ನ ನಾಲಗೆಯ ಮೇಲಿದೆ ಎಂದಳು. ಕನ್ನಡಿಯಂತೆ ಹೊಳೆಯುವ ಆ ತಟ್ಟೆಯನ್ನು ಅವರು ತಿರುಗಿಸಿ ಮುರುಗಿಸಿ ನೋಡುವರು. ಅದರಲ್ಲಿ ಮಗಳು ಕಾಣದೆ ತಮ್ಮ ಮುಖವೇ ಕಾಣುವುದು. ಆದರೂ ಆಮೀನಾ ಹೇಳಿದ ಮೇಲೆ ಮುಗಿಯಿತೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವರು.

ಒಂದು ಬೇಸಿಗೆಯಲ್ಲಿ ಕರೆಂಟು ಒಮ್ಮೆಲೆ ಏರಿ ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಚಾಂದಪಾಶಾನ ಅಂಗಡಿಗೆ ಕಳಿಸಿದರು. ಕಳಿಸುವಾಗ ಖಾಜಾಹುಸೇನನಿಗೆ ಸ್ವಲ್ಪ ಅಳುಕಾಯಿತು. ಅಷ್ಟು ಹುಡುಗಿಯರು ಅದರಲ್ಲಿದ್ದಾರಲ್ಲ ಎಂದ. ಆಮೀನಾ ಚಿಂತೆ ಮಾಡಲಿಲ್ಲ. ಟ್ರಂಕು ಊರಿಗೆ ಹೋದರೇನು, ಕೀಲಿ ನನ್ನ ಹತ್ತಿರ ಇದೆಯಲ್ಲ ಎಂದಳು. ಕೆಲವು ದಿನಗಳಲ್ಲಿ ಯಂತ್ರ ದುರಸ್ತಿಯಾಗಿ ಬಂತು. ತಾಯಿಯ ಹೆಸರನ್ನು ಒತ್ತಿದಳು, ತೆರೆಯಿತು. ಎಲ್ಲವೂ ಇದ್ದಲ್ಲೇ ಇತ್ತು.

ಮಳೆಗಾಲ ಮುಗಿಯುತ್ತ ಬಂದಾಗ ಬೋನಾಳದ ಹಣಮಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು. ಹಣಮಮ್ಮ ಕೆರೆಯ ಕೆಳಗೆ ಸ್ವಲ್ಪ ಭೂಮಿ ಮಾಡಿಕೊಂಡು, ಉಳಿದ ದಿನ ಕೂಲಿಗೆ ಹೋಗುವ ವಿಧವೆ. ಅವಳ ಹಿರಿಯ ಮಗಳು ಮಲ್ಲಾಬಾಯಿಯ ಫೋಟೋವನ್ನು ಆಮೀನಾಳೇ ತೆಗೆದಿದ್ದಳು. ಅದು ಸಗರದ ಅಂಬ್ರಪ್ಪನ ಮನೆಗೆ ಹೋಗಿ, ಅವರು ಮೆಚ್ಚಿ, ಸೀರೆ ಉಡಿಸಿ ಸಂಬಂಧ ಗಟ್ಟಿ ಮಾಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಆ ಸುದ್ದಿಯನ್ನು ಹಣಮಮ್ಮ ಹಿಂದಿನ ಸಂತೆಯ ದಿನ ಬಂದು ಹೇಳಿ, ಸಕ್ಕರೆ ಕೊಟ್ಟು ಹೋಗಿದ್ದಳು. ಈಗ ಅವಳು ಕುಳಿತುಕೊಳ್ಳಲೂ ಇಲ್ಲ. ಸೆರಗಿನ ಗಂಟು ಬಿಚ್ಚಿ ಸಿ.ಡಿ.ಯನ್ನು ಮೇಜಿನ ಮೇಲೆ ಇಟ್ಟಳು.

"ನೆಗೆಟಿವ್ ನನ್ನ ಹತ್ರ ಅದ, ನೋಡು ಆಮೀನಕ್ಕ. ಇವತ್ತಿನ ತನಾ ಇದರ ಗಂಟು ಬಿಚ್ಚಿಲ್ಲ. ಮತ್ತ ನನ್ನ ಮಗಳು ಯಾದಗಿರಿ ಬೋರ್ಡಿನ ಮ್ಯಾಲ ಹ್ಯಾಂಗ ಹೋಗಿ ಕುಂತಾಳ?"

ಆಮೀನಾಳಿಗೆ ಮೊದಲು ಅರ್ಥವಾಗಲಿಲ್ಲ. ಹಣಮಮ್ಮ ನಿಂತಲ್ಲಿಯೇ ಹೇಳಿದಳು. ಅಂಬ್ರಪ್ಪ ಬೀಜ ತರಲು ಯಾದಗಿರಿಗೆ ಹೋಗಿದ್ದ. ಅಲ್ಲಿ ಹೆಂಗಸರ ಶೃಂಗಾರದ ಅಂಗಡಿಯೊಂದರ ಮೇಲೆ, ಎತ್ತಿನ ಗಾಡಿಯಷ್ಟು ಅಗಲದ ಬೋರ್ಡಿನಲ್ಲಿ, ತನ್ನ ಮನೆಗೆ ಸೊಸೆಯಾಗಿ ಬರಬೇಕಾದ ಹುಡುಗಿಯ ಮುಖ ನೋಡಿದ. ಅವಳು ಅಲ್ಲಿ ಕೆಲಸಕ್ಕಿದ್ದಳೇ, ಫೋಟೋ ಕೊಟ್ಟವರು ಯಾರು, ನಮ್ಮಿಂದ ಇನ್ನೇನು ಮುಚ್ಚಿಟ್ಟಿದ್ದೀರಿ ಎಂದು ಕೇಳಿ ಕಳಿಸಿದ್ದಾನೆ. ಸೀರೆಯ ಮಾತು ನಿಂತುಹೋಗಿದೆ. ಮಲ್ಲಾಬಾಯಿ ಯಾದಗಿರಿಯನ್ನು ಕಣ್ಣಿಂದ ಕಂಡವಳಲ್ಲ.

"ಒಂದು ಕೀಲಿ ನನ್ನ ಸೆರಗಿನ್ಯಾಗ, ಒಂದು ನಿನ್ನ ನಾಲಗಿ ಮ್ಯಾಲ ಅಂದಿದ್ದಿ," ಎಂದಳು ಹಣಮಮ್ಮ. "ನಾ ಕೊಟ್ಟಿಲ್ಲ."

ಅಷ್ಟು ಹೇಳಿ ಅವಳು ಹೊರಟುಹೋದಳು. ಸಿ.ಡಿ. ಮೇಜಿನ ಮೇಲೆಯೇ ಉಳಿಯಿತು.

ಮರುದಿನ ಆಮೀನಾ ಯಾದಗಿರಿಯ ಬಸ್ಸು ಹಿಡಿದಳು. ಶಹಾಪುರದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಎದುರಿಗೆ, ಮಲಗಿದ ಬುದ್ಧನಂತೆ ಕಾಣುವ ಗುಡ್ಡ ನೆಮ್ಮದಿಯಾಗಿ ಆಕಾಶ ನೋಡುತ್ತಿತ್ತು. ಅವಳಿಗೆ ಹಾಗೆಯೇ ಎಲ್ಲಾದರೂ ಅಡ್ಡಾಗಬೇಕು ಎನ್ನಿಸುವಷ್ಟು ದಣಿವಾಗಿತ್ತು, ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ. ಹಣಮಮ್ಮ ತಪ್ಪು ಕೇಳಿರಬಹುದು, ಅಂಬ್ರಪ್ಪ ತಪ್ಪು ನೋಡಿರಬಹುದು, ಮುಖಕ್ಕೆ ಮುಖ ಹೋಲುವುದಿಲ್ಲವೇ ಎಂದು ಭೀಮಾ ಸೇತುವೆ ದಾಟುವವರೆಗೂ ತನಗೆ ತಾನೇ ಹೇಳಿಕೊಂಡಳು.

ಬೋರ್ಡು ಕಂಡಿತು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಹುಡುಗಿಯ ಮುಖವಲ್ಲ, ತನ್ನದೇ ಜುಮಕಿ. ತುಟಿಗೆ ಯಾರೋ ಕೆಂಪು ತುಂಬಿದ್ದರು, ಹಿಂದಿನ ಪರದೆಯನ್ನು ತೆಗೆದು ಗುಲಾಬಿ ಹೂ ಹಾಕಿದ್ದರು. ಮುಖದ ಓರೆ ಮಾತ್ರ ಹಾಗೆಯೇ ಇತ್ತು. ಮಲ್ಲಾಬಾಯಿ ನಾಚಿಕೊಂಡು, ಇಷ್ಟು ಸಾಕೇನ್ರಿ ಎಂದು ಕೇಳಿದ ಕ್ಷಣವದು. ಅದರ ಕೆಳಗೆ ಒಬ್ಬನು ಬಾಳೆಹಣ್ಣಿನ ಗಾಡಿ ನಿಲ್ಲಿಸಿಕೊಂಡು ಗಿರಾಕಿಗಳನ್ನು ಕೂಗುತ್ತಿದ್ದ.

ಯಂತ್ರ ತನ್ನ ಕೈ ಬಿಟ್ಟು ಹೋದದ್ದು ರಿಪೇರಿಗೆ ಮಾತ್ರ ಎಂದು ನೆನೆದು ಅವಳು ಬಸ್ ನಿಲ್ದಾಣದ ಹಿಂದಿನ ಅಂಗಡಿಗೆ ಹೋದಳು. ಚಾಂದಪಾಶಾ ಅವಳನ್ನು ಕಂಡು ಚಹಾ ತರಿಸಿದ. ಅವಳು ಕುಡಿಯದೆ ಬೋರ್ಡಿನ ಮಾತು ಎತ್ತಿದಳು. ಅವನು ಸಹಜವಾಗಿಯೇ ಒಪ್ಪಿಕೊಂಡ. ರಿಪೇರಿಯಾದ ಮೇಲೆ ಯಂತ್ರ ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ತೆರೆದು ನೋಡುತ್ತಿದ್ದನಂತೆ. ಬೋರ್ಡು ಮಾಡುವವನೊಬ್ಬ ಪಕ್ಕದಲ್ಲಿ ಕುಳಿತಿದ್ದ. ಚೆನ್ನಾಗಿರುವ ಒಂದು ಮುಖ ಬೇಕಾಗಿತ್ತು, ಕೇಳಿದ. ಸ್ಟುಡಿಯೋದವರು ನಮೂನೆಗೆಂದು ಇಟ್ಟ ಚಿತ್ರವಿರಬೇಕೆಂದು ಇವನು ಕೊಟ್ಟ. ಯಾರದೋ ಮನೆಯ ಮಗಳೆಂದು ಅವನಿಗೆ ಹೊಳೆಯಲೇ ಇಲ್ಲ.

ಆಮೀನಾ ತಡೆದು ಕೇಳಿದಳು. ಪಾಸ್‌ವರ್ಡ್ ತನ್ನ ಹತ್ತಿರ ಇರುವಾಗ ಅವನು ತೆರೆದದ್ದು ಹೇಗೆ?

ಹೇಳುವುದಕ್ಕಿಂತ ತೋರಿಸುವುದು ಸುಲಭ ಎಂದು ಅವನು ರಿಪೇರಿಗೆ ಬಂದಿದ್ದ ಬೇರೊಬ್ಬರ ಕಂಪ್ಯೂಟರ್ ಹಚ್ಚಿದ. ಮೊದಲು ಎಂದಿನಂತೆ ಹಚ್ಚಿದಾಗ ಪರದೆಯ ಮೇಲೆ ಒಡೆಯನ ಹೆಸರು ಬಂದು ಪಾಸ್‌ವರ್ಡ್ ಕೇಳಿತು. ಅದನ್ನು ಆರಿಸಿ ಮತ್ತೆ ಹಚ್ಚಿ, ಅದು ಎಚ್ಚರಗೊಳ್ಳುತ್ತಿರುವಾಗಲೇ ಮೇಲಿನ ಸಾಲಿನ ಒಂದು ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು. ಅವನು ಒಂದು ಸಾಲು ಆರಿಸಿದ. ಈಗ ಒಡೆಯನ ಹೆಸರಿನ ಪಕ್ಕದಲ್ಲಿ, ಅಲ್ಲಿಯವರೆಗೆ ಕಾಣಿಸದಿದ್ದ ಇನ್ನೊಂದು ಹೆಸರು ನಿಂತಿತ್ತು: ಅಡ್ಮಿನಿಸ್ಟ್ರೇಟರ್. ಅದನ್ನು ಒತ್ತಿದ. ಯಂತ್ರ ಏನೂ ಕೇಳಲಿಲ್ಲ. ಬಾಗಿಲು ತೆರೆಯಿತು.

"ಇವ ಯಾರು?" ಎಂದಳು ಆಮೀನಾ.

"ಯಂತ್ರದ ಯಜಮಾನ್ರಿ ಖಾಲಾ. ಎಲ್ಲಾ ಡಬ್ಬಿದಾಗೂ ಇರ್ತಾನ. ಇವಗ ಎಲ್ಲಾ ಖೋಲಿ ಬಾಗ್ಲಾನೂ ತೆರೀತದ."

"ಮತ್ತ ನನ್ನ ಡಬ್ಬಿದಾಗ ನಾ ಯಾರು?"

"ನೀವು ಬಾಡಿಗಿಗಿ ಇದ್ದಂಗ್ರಿ," ಎಂದು ನಕ್ಕ. ಅವಳು ನಗಲಿಲ್ಲವೆಂದು ಕಂಡು ಅವನೂ ನಿಲ್ಲಿಸಿದ.

ಯಜಮಾನನ ಹೆಸರಿಗೂ ಒಂದು ಪಾಸ್‌ವರ್ಡ್ ಇಡಬಹುದಿತ್ತಂತೆ. ಯಂತ್ರ ಕೂಡ್ರಿಸುವಾಗ ಅದು ಕೇಳುತ್ತದೆ. ಅವನು ಎಲ್ಲರ ಮನೆಯಲ್ಲೂ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಿದ್ದ. ಸೋಮಾರಿತನದಿಂದ ಹಾಗೆ ಮಾಡಲಿಲ್ಲ, ಕರುಣೆಯಿಂದ ಮಾಡಿದೆ ಎಂದು ಅವನ ವಾದ. ಜನ ತಮ್ಮ ಪಾಸ್‌ವರ್ಡ್ ಮರೆತು ಅಳುತ್ತ ಬರುತ್ತಾರೆ. ಈ ಒಂದು ದಾರಿ ತೆರೆದಿದ್ದರೆ ಒಳಗಿನ ಸಾಮಾನು ಕಳೆಯದೆ ತೆಗೆದುಕೊಡಬಹುದು. ಹಾಗೆ ಎಷ್ಟೋ ಜನರ ಕಣ್ಣೀರು ಒರೆಸಿದ್ದಾನೆ. ಅದು ಸುಳ್ಳೂ ಆಗಿರಲಿಲ್ಲ.

"ನಿನಗ ತೆರೆದಿದ್ದ ದಾರಿ, ಬೇಟಾ, ಮತ್ತ ಯಾರಿಗಿ ಮುಚ್ಚಿತ್ತು?" ಎಂದು ಆಮೀನಾ ಮೆಲ್ಲಗೆ ಕೇಳಿದಳು.

ಬಹುಶಃ ಆ ಪ್ರಶ್ನೆ ಚಾಂದಪಾಶಾನಿಗೆ ಅದೇ ಮೊದಲ ಸಲ ಎದುರಾಗಿತ್ತು. ಅಂದೇ ಬೋರ್ಡು ಇಳಿಸುತ್ತೇನೆ ಎಂದು ಎದ್ದು ಏಣಿ ಹುಡುಕಲು ಹೋದ.

ಬಸ್ಸಿನಲ್ಲಿ ತಿರುಗಿ ಬರುವಾಗ ಆಮೀನಾಳಿಗೆ ಸಿಟ್ಟು ಬರಲಿಲ್ಲ. ಇಷ್ಟು ದಿನ ಪ್ರತಿ ಮುಂಜಾನೆ ತಾಯಿಯ ಹೆಸರು ಹೇಳಿ ಮುಂಬಾಗಿಲು ತೆರೆಯುತ್ತಿದ್ದೆ, ಹಿಂಬಾಗಿಲಿಗೆ ಅಗಳಿಯೇ ಇರಲಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅಂಗಡಿಯ ಪರದೆಯ ಹಿಂದೆ ಆಗಾಗ ಯಾರು ಯಾರು ಕುಳಿತಿದ್ದರು, ತಾನು ಊಟಕ್ಕೆ ಹೋದಾಗ ಯಾರು ಬಂದಿದ್ದರು ಎಂದು ನೆನೆಯಲು ನೋಡಿದಳು. ನೆನಪಾದವರೆಲ್ಲ ಒಳ್ಳೆಯವರೇ. ಅದರಿಂದ ಯಾವ ಸಮಾಧಾನವೂ ಆಗಲಿಲ್ಲ.

ಎಲ್ಲವನ್ನೂ ಕೇಳಿದ ಖಾಜಾಹುಸೇನ ಒಂದು ಸಲಹೆ ಕೊಟ್ಟ. ಯಾದಗಿರಿಯಲ್ಲಿ ಕಳವಾಯಿತೆಂದು ಹೇಳಿಬಿಡು. ಕಳವಾದ ಮನೆಯವರನ್ನು ಯಾರೂ ಬೈಯುವುದಿಲ್ಲ ಎಂದ. ಆಮೀನಾ ಜುಮಕಿಯ ಡಬ್ಬಿಯನ್ನು ಒರೆಸುತ್ತ ಲೆಕ್ಕ ಹಾಕಿದಳು. ಕಳವು ಎಂದರೆ ಮಲ್ಲಾಬಾಯಿಯದೊಂದೇ ಮಾತು, ಅಲ್ಲಿಗೆ ಮುಗಿಯುತ್ತದೆ. ಬಾಗಿಲೇ ತೆರೆದಿತ್ತು ಎಂದರೆ ಎಲ್ಲ ತಾಯಂದಿರೂ ಮೆಟ್ಟಿಲು ಹತ್ತಿ ಬರುತ್ತಾರೆ. ಆದರೆ ಕಳವೆಂದರೆ ಅಂಬ್ರಪ್ಪ ನಂಬುವನೇ? ಬೀಗ ಭದ್ರವಾಗಿದ್ದರೆ ಕೊಟ್ಟವಳು ನೀನು, ಇಲ್ಲವೆ ಹುಡುಗಿಯ ತಾಯಿ ಎನ್ನುವನು. ಆಗ ಹುಡುಗಿಯ ಗತಿ?

ಸಗರಕ್ಕೆ ಹೋಗುವಾಗ ಹಣಮಮ್ಮನನ್ನೂ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಪಕ್ಕದಲ್ಲೇ ಜಾಗವಿದ್ದರೂ ಹಣಮಮ್ಮ ಬೇರೆ ಸೀಟಿನಲ್ಲಿ ಕುಳಿತಳು.

ಅಂಬ್ರಪ್ಪ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತ, ದಿಟ್ಟ ಮಾತಿನವನು. ಅವನ ಹೆಂಡತಿ ತಿಮ್ಮವ್ವ ಹೊಸ್ತಿಲ ಬಳಿ ಮೊರದಲ್ಲಿ ಅವರೆ ಹಸನು ಮಾಡುತ್ತ ಕುಳಿತಿದ್ದಳು. ಆಮೀನಾ ಇದ್ದದ್ದನ್ನು ಇದ್ದಂತೆ ಹೇಳಿದಳು. ತಾಯಿಯದಾಗಲಿ ಮಗಳದಾಗಲಿ ತಪ್ಪಿಲ್ಲ, ಫೋಟೋ ಹೋದದ್ದು ತನ್ನ ಯಂತ್ರದಿಂದ, ಬೀಗ ಹಾಕಿದ್ದೇನೆಂದು ತಿಳಿದಿದ್ದೆ ಎಂದಳು.

"ಡಬ್ಬಿಗಿ ಕೀಲಿ ಇತ್ತು ಅಂತಿ. ಕೀಲಿ ಮುರಿದಿಲ್ಲ ಅಂತಿ," ಎಂದ ಅಂಬ್ರಪ್ಪ. "ಮತ್ತ ಫೋಟೋ ಹ್ಯಾಂಗ ಹೋತು? ತಾನೇ ನಡಕೊಂತ ಹೋತೇನು?"

ಆಮೀನಾ ಅವನಿಗೆ ಕಪ್ಪು ಪರದೆ, ಬಿಳಿ ಅಕ್ಷರ ಎಂದು ಬಿಡಿಸಿ ಹೇಳಲು ಹೊರಟು ನಿಲ್ಲಿಸಿದಳು. ಅವನ ಹಿಂದಿನ ಗೋಡೆಗೆ ಸುರುಳಿ ಸುತ್ತಿದ ಕರಿಯ ಪೈಪು ಆನಿಸಿತ್ತು.

"ಅಂಬ್ರಪ್ಪಣ್ಣ, ನಿಮ್ಮ ಕಾಲುವಿ ಗೇಟಿಗಿ ಕೀಲಿ ಅದ ಇಲ್ಲ?"

"ಅದ."

"ಮುಂದಿನ ಊರಿನ ಪಾಳಿ ಇದ್ದಾಗ ನೀರು ಬೇಕಾದವ್ರು ಕೀಲಿ ಮುರೀತಾರೇನು? ದಂಡಿ ಮ್ಯಾಲಿಂದ ಪೈಪ್ ಇಳಿಸ್ತಾರ. ಒಮ್ಮೆ ಬಾಯಿಂದ ಎಳದ್ರ ಸಾಕು, ನೀರು ತಾನೇ ನಡಕೊಂತ ಬರ್ತದ. ಗೇಟಿನವ ಬಂದು ನೋಡಿದ್ರ ಕೀಲಿ ಹಾಕಿದ್ದು ಹಾಕಿದಂಗೇ ಇರ್ತದ."

ಅಂಬ್ರಪ್ಪ ಪೈಪಿನ ಕಡೆ ನೋಡದಿರಲು ಬಹಳ ಕಷ್ಟಪಟ್ಟ. ತಿಮ್ಮವ್ವ ಮೊರವನ್ನು ಕೆಳಗಿಟ್ಟಳು.

"ಇದು ಅವರಿಗಿ ಲಗೂನ ತಿಳೀತದ, ಬಿಡವ್ವ," ಎಂದಳು. "ಇಷ್ಟು ಹೊತ್ತು ಇದನ್ನೇ ಹೇಳಬೇಕಿತ್ತು."

ಹಣಮಮ್ಮನ ಮುಖದಲ್ಲಿ ಅಂದು ಮೊದಲ ಸಲ ನಗೆಯಂಥದು ಸುಳಿದು ಹೋಯಿತು. ಆದರೆ ತಿಮ್ಮವ್ವ ಅಲ್ಲಿಗೇ ಬಿಡುವ ಹೆಂಗಸಲ್ಲ. ಅವಳ ತಂಗಿಯ ಮಗಳ ಫೋಟೋ ಕೂಡ ಆಮೀನಾಳ ಅಂಗಡಿಯದೇ. ಉಳಿದ ಹುಡುಗಿಯರ ಪಾಡೇನು ಎಂದು ಕೇಳಿದಳು.

ಹೇಳಬೇಡ ಎಂಬಂತೆ ಖಾಜಾಹುಸೇನನ ಮುಖ ಆಮೀನಾಳ ಕಣ್ಣ ಮುಂದೆ ಬಂತು.

"ಅವೂ ಅದೇ ಕಾಲುವ್ಯಾಗ ಇದ್ದವ್ರಿ," ಎಂದಳು. "ಯಾವು ಹೋಗ್ಯಾವ, ಯಾವು ಉಳದಾವ, ನನಗ ಗೊತ್ತಿಲ್ಲ."

ತಿಮ್ಮವ್ವ ಅವಳನ್ನು ದಿಟ್ಟಿಸಿ ನೋಡಿದಳು. ತನ್ನ ಅಂಗಡಿಯ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವಂಥ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲವೆಂದು ತೋರಿತೋ ಏನೋ, ಎದ್ದು ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ದೀಪಾವಳಿ ದಾಟಿದ ಮೇಲೆ ಅವರು ಬೋನಾಳಕ್ಕೆ ಬಂದು ಮಲ್ಲಾಬಾಯಿಗೆ ಸೀರೆ ಉಡಿಸಿದರು.

ಚಾಂದಪಾಶಾ ಬೋರ್ಡಿನಿಂದ ಬಿಚ್ಚಿದ ಫ್ಲೆಕ್ಸ್ ಹಾಳೆಯನ್ನು ಮಡಚಿ ತಂದುಕೊಟ್ಟ. ಆಮೀನಾಳ ಯಂತ್ರದಲ್ಲಿ ಯಜಮಾನನ ಖಾಲಿ ಜಾಗಕ್ಕೆ ಪಾಸ್‌ವರ್ಡ್ ಹಾಕಿಸಿದ; ಈ ಸಲವೂ ಗೋಡೆಯ ಕಡೆಗೆ ತಿರುಗಿ ನಿಂತ. ನೀನು ಕೂಡ್ರಿಸಿದ ಯಂತ್ರಗಳಿಗೆಲ್ಲ ಹೋಗಿ ಹೀಗೆಯೇ ಮಾಡು ಎಂದು ಅವಳು ಹೇಳಿದಳು. ಅವನು ಹೋದ. ಕೆಲವರು ಮಾಡಿಸಿಕೊಂಡರು. ಬಹಳ ಜನ, ನಮ್ಮದರಲ್ಲಿ ಕದಿಯುವಂಥದು ಏನಿದೆ ಎಂದು ಅವನನ್ನು ಬಾಗಿಲಿನಿಂದಲೇ ಕಳಿಸಿದರು.

ಆಮೀನಾ ತನ್ನ ಅಂಗಡಿಗೆ ಬಂದ ತಾಯಂದಿರಿಗೆಲ್ಲ ಸಂಗತಿ ತಿಳಿಸಿದಳು. ಬಾರದವರಿಗೆ ಸಂತೆಯಲ್ಲಿ ಹುಡುಕಿ ಹೇಳಿದಳು. ಒಬ್ಬಾಕೆ ಬೈದಳು. ಒಬ್ಬಾಕೆ ಅತ್ತಳು. ಹೇಳದೆ ಇದ್ದಿದ್ದರೆ ನಾವು ನೆಮ್ಮದಿಯಾಗಿ ಇರುತ್ತಿದ್ದೆವಲ್ಲ ಎಂದವರೂ ಇದ್ದರು. ಅನೇಕರು ಮುಂದೆ ಹೆಣ್ಣುಮಕ್ಕಳನ್ನು ಶಹಾಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಯಂತ್ರದ ಹಿಂಬಾಗಿಲು ಹೇಗಿದೆಯೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಖಾಜಾಹುಸೇನ ಖಾಲಿ ಅಂಗಡಿಯಲ್ಲಿ ನಡುಗುವ ಕೈಯಿಂದ ನೊಣ ಹೊಡೆಯುತ್ತ, ಹೆಂಡತಿಯನ್ನು ದೂರದೆ ಕುಳಿತಿರುತ್ತಿದ್ದ.

ಮಲ್ಲಾಬಾಯಿಯ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಹಣಮಮ್ಮ ಎರಡನೆಯ ಮಗಳನ್ನು ಕರೆದುಕೊಂಡು ಬಂದಳು. ಹಳೆಯ ಕ್ಯಾಮೆರಾದಲ್ಲಿ ತೆಗೆಯುವಂತೆ ಕೇಳಿದಳು. ರೀಲು ಈಗ ಎಲ್ಲಿಯೂ ಸಿಗುವುದಿಲ್ಲವೆಂದು ಆಮೀನಾ ತಿಳಿಸಿದಳು. ಆದರೂ ಹಣಮಮ್ಮ ಮಗಳ ತಲೆಗೂದಲು ಸರಿಮಾಡಿ ಅವಳನ್ನು ಪರದೆಯ ಒಳಗೆ ಕಳಿಸಿದಳು. ಆಮೀನಾ ಜುಮಕಿ ಹಾಕಿ, ಮುಖವನ್ನು ಸ್ವಲ್ಪ ತಿರುಗಿಸಿ ಫೋಟೋ ತೆಗೆದಳು. ಒಂದೇ ಪ್ರತಿ ಮಾಡಿದಳು. ಆಮೇಲೆ ಹಣಮಮ್ಮನನ್ನು ಯಂತ್ರದ ಮುಂದೆ ತನ್ನ ಪಕ್ಕದಲ್ಲಿ ಕೂಡ್ರಿಸಿಕೊಂಡು, ಕ್ಯಾಮೆರಾದಲ್ಲಿದ್ದುದನ್ನು, ಕಂಪ್ಯೂಟರಿನಲ್ಲಿದ್ದುದನ್ನು, ಅದರ ಕಸದ ಬುಟ್ಟಿಯಲ್ಲಿದ್ದುದನ್ನು ಅವಳ ಕಣ್ಣೆದುರಿಗೇ ಅಳಿಸಿದಳು. ಪರದೆಯ ಮೇಲೆ ಏನೂ ಉಳಿಯಲಿಲ್ಲ.

"ಪೂರ್ತಿ ಹೋತೇನು ಆಮೀನಕ್ಕ?"

ಹಿಂದಾಗಿದ್ದರೆ ಕೀಲಿ ನನ್ನ ನಾಲಗೆಯ ಮೇಲಿದೆ ಎನ್ನುತ್ತಿದ್ದಳು. ಆಮೀನಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು.

"ನನಗ ಕಾಣೋ ಅಷ್ಟು ಹೋತು, ಹಣಮವ್ವ. ನನಗ ಕಾಣದ್ದು ಏನರ ಅದನೋ ಏನೋ."

ಹಣಮಮ್ಮ ಖಾಲಿ ಪರದೆಯನ್ನು ನೋಡಿದಳು, ಕೈಯಲ್ಲಿದ್ದ ಫೋಟೋ ನೋಡಿದಳು. ಬಳಿಕ ಸಂಚಿ ಬಿಚ್ಚಿ, ಎಲೆಗಳನ್ನು ಸರಿಸಿ, ಫೋಟೋವನ್ನು ಒಳಗಿಟ್ಟುಕೊಂಡಳು. ಹೊರಗೆ ಬೋನಾಳದ ಬಸ್ಸು ಹಾರ್ನ್ ಹಾಕುತ್ತಿತ್ತು. ಇನ್ನೊಂದು ಬಸ್ಸಿಗೆ ಹೋದರಾಯಿತು ಎಂದು ಅವಳು ಮಗಳಿಗೆ ಹೇಳಿ, ಗೋಡೆಗೆ ಒರಗಿ ಕುಳಿತು, ಆಮೀನಾಳಿಗೂ ಒಂದು ಎಲೆ ಮಡಚತೊಡಗಿದಳು.